ಬೆಣ್ಣೆ ದೋಸೆ ಊರಲ್ಲಿ ತಂಗಳನ್ನ ಮಾರಿದ ನನ್ನ ಅನುಭವ

"ಬೆಳಗ್ಗೆದ್ದು ಬೆಣ್ಣೆ ದೋಸೆ ತಿನ್ನೋ ದಾವಣಗೆರೇಲಿ ತಂಗಳು ಯಾರು ತಿಂತಾರಪ್ಪಾ?" ಅಂತ ನಮ್ಮ ಮಾವನವರು ನಕ್ಕಿದ್ದರು. ಈಗ ಎಂಟು ಗಂಟೆಯೊಳಗೆ ಗಡಿಗೆ ಖಾಲಿ.

ನನ್ನ ಖಾನಾವಳಿ ಎಪಿಎಂಸಿ ಮಾರುಕಟ್ಟೆ ಹತ್ತಿರ. ರಾತ್ರಿ ನಾಲ್ಕೈದು ಕೆಜಿ ಅನ್ನ ಮಿಗುತ್ತಿತ್ತು. ಬೆಳಗ್ಗೆ ಚಿತ್ರಾನ್ನ ಮಾಡಿದರೆ ಎಣ್ಣೆ, ಶೇಂಗಾ ಖರ್ಚು ಬೇರೆ. ಮೇಲೆ ಗಿರಾಕಿಗಳು "ನಿನ್ನೇದಾ?" ಅಂತ ಮೂಸಿ ನೋಡೋರು. ತಿಂಗಳಿಗೆ ಹತ್ತಿರಹತ್ತಿರ ಎರಡು ಸಾವಿರದ ಅನ್ನ ದನಕ್ಕೆ. ಮುಚ್ಚಿಡೋದ್ಯಾಕೆ ಅಂತ ಬೋರ್ಡಿನ ಮೇಲೇ 'ತಂಗಳನ್ನ ಮಜ್ಜಿಗೆ' ಅಂತ ಬರೆಸಿಬಿಟ್ಟೆ.

ಅನ್ನ ಬೇಯಿಸಿದ ಡಬರಿಯಲ್ಲಿ ಉಳಿದಿದ್ದು ಮಾತ್ರ ತಂಗಳಿಗೆ. ಬಡಿಸೋ ಬಕೆಟ್ಟಿನದು ಬೇಡ. ಎಂಜಲಿನ ಅನುಮಾನ ಒಂದು ಸಲ ಬಂದರೆ ಮುಗೀತು.

ಮೊದಲು ಬಿಸಿ ಅನ್ನಕ್ಕೇ ನೀರು ಹಾಕಿ ಮುಚ್ಚಿಟ್ಟೆ. ಬೆಳಗ್ಗೆ ಲೋಳೆ ಲೋಳೆ, ಹಳಸಿದ ವಾಸನೆ. ಸೋನಾ ಮಸೂರಿ ಅಂತೂ ಗಂಜಿಯಾಗಿ ಹೋಯಿತು. ದಪ್ಪಕ್ಕಿಗೆ ಬದಲಾಯಿಸಿದ ಮೇಲೆ ಅಗುಳು ನಿಂತಿತು. ಏಪ್ರಿಲ್ ಬಂತು ನೋಡಿ, ಬೆಳಗಾಗೋದರೊಳಗೆ ಬಾಯಿಗಿಡಲಾಗದಷ್ಟು ಹುಳಿ. ಆ ವಾರ ಆರೇಳು ನೂರು ಚರಂಡಿಗೆ ಹೋಯಿತು. "ಸುಮ್ನೆ ಇಡ್ಲಿ ಮಾಡ್ರಿ" ಅಂದಳು ಮನೆಯವಳು.

ಈಗ ಅನ್ನವನ್ನು ಅಗಲ ತಟ್ಟೆಗೆ ಹರವಿ, ಫ್ಯಾನ್ ಕೆಳಗೆ ಬೇಗ ಆರಿಸುತ್ತೇನೆ. ಕಾಯಿಸಿ ಆರಿಸಿದ ನೀರು, ಮಣ್ಣಿನ ಗಡಿಗೆ, ಕೆಳಗೆ ಒದ್ದೆ ಮರಳು. ಬೇಸಿಗೆಯಲ್ಲಿ ತಡರಾತ್ರಿ ನೆನೆಹಾಕುವುದು. ಹಿಂದಿನ ದಿನದ ನೀರು ಸ್ವಲ್ಪ ಸೇರಿಸುತ್ತೇನೆ. ಎಷ್ಟು ಅಂತ ಮಾತ್ರ ಕೇಳಬೇಡಿ, ನಮ್ಮ ಹುಡುಗರಿಗೂ ಹೇಳಿಲ್ಲ.

ಹದಿನೈದು ರೂಪಾಯಿಗೆ ಶುರು ಮಾಡಿದ್ದು, ಈಗ ಮೂವತ್ತು. ಈರುಳ್ಳಿ, ಹಸಿ ಮೆಣಸಿನಕಾಯಿ, ಮಾವಿನಕಾಯಿ ಉಪ್ಪಿನಕಾಯಿ ಜೊತೆಗೆ. ಮಜ್ಜಿಗೆ ಖರ್ಚೇ ಜಾಸ್ತಿ, ಆದರೂ ತಟ್ಟೆಗೆ ಹದಿನೆಂಟು ಇಪ್ಪತ್ತು ಉಳಿಯುತ್ತದೆ. ಹಮಾಲರು ಮೂಟೆ ಹೊರುವ ಮುಂಚೆ ಬಂದು ಉಣ್ಣುತ್ತಾರೆ. ಮಿಕ್ಕಿದ್ದು ಸಾಲದೆ ತಂಗಳಿಗೆಂದೇ ರಾತ್ರಿ ಬೇರೆ ಅಕ್ಕಿ ಬೇಯಿಸುತ್ತಿದ್ದೇನೆ ಅಂದರೆ ನಂಬುತ್ತೀರಾ?

ಚಿತ್ರದುರ್ಗದ ಕಡೆಯವರು ತಂಗಳು ಮುದ್ದೆ ಕೇಳಿದರು. ಮಜ್ಜಿಗೆಯಲ್ಲಿ ಕಿವುಚಿ, ಜೀರಿಗೆ ಹಾಕಿ ಕೊಟ್ಟೆ, ಓಡುತ್ತಿದೆ. ಉಳಿದ ಜೋಳದ ರೊಟ್ಟಿ ಮುರಿದು ಒಗ್ಗರಣೆ ಹಾಕಿದ್ದೂ ಪರವಾಗಿಲ್ಲ. ಮೆತ್ತಗಾದ ಮಂಡಕ್ಕಿಯನ್ನು ತಂಗಳಿಗೆ ಕಲಸಿದ್ದು ಮಾತ್ರ ಯಾರೂ ಮುಟ್ಟಲಿಲ್ಲ. ಮಳೆಗಾಲದಲ್ಲಿ ವ್ಯಾಪಾರ ಅರ್ಧಕ್ಕಿಳಿಯುತ್ತದೆ. ಆಗ ಒಂದೇ ಗಡಿಗೆ.