ಹಳೇ ನುಡಿ ಫೈಲುಗಳಿಗಾಗಿ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿ ಹಾಕುವವರಿಗೆ

ಅಪ್ಪ ಹಳೇ ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ) ಟೈಪ್ ಮಾಡಿಟ್ಟ ಬರಹಗಳನ್ನು ಅದೇ ಪುಟವಿನ್ಯಾಸದಲ್ಲಿ ನೋಡಬೇಕಿತ್ತು. ಬರೀ ಅಕ್ಷರ ಸಾಕು ಅನ್ನುವವರಿಗೆ ಹಳೇ ಅಕ್ಷರಗಳನ್ನು ಈಗಿನ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವೇ ಸಾಕು, ಇಷ್ಟೆಲ್ಲ ಬೇಡ. ಹಳೇ ನುಡಿ ಓಡಿಸಲು ನಾನು ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ವಿಂಡೋಸ್ ಎಕ್ಸ್‌ಪಿ ಹಾಕಿದೆ. ನಮ್ಮಲ್ಲಿದ್ದ ಹಳೇ ಸಿಡಿ, ಅದರ ಕೀ ಎರಡೂ ಉಪಯೋಗಕ್ಕೆ ಬಂದವು.

ರ‍್ಯಾಮ್ 512 ಎಂಬಿ, ಡಿಸ್ಕ್ 10 ಜಿಬಿ ಕೊಟ್ಟರೆ ಧಾರಾಳವಾಯ್ತು. ಮುಖ್ಯ ವಿಷಯ ಡಿಸ್ಕ್ ಕಂಟ್ರೋಲರ್, ಅಂದರೆ ಡಿಸ್ಕನ್ನು ಯಾವ ಬಗೆಯಲ್ಲಿ ಜೋಡಿಸೋದು ಅನ್ನೋದು. ಸಾಟಾ ಹೊಸ ಬಗೆ, ಐಡಿಇ ಹಳೇ ಬಗೆ. ನಾನು ಸುಮ್ನೆ ಸಾಟಾ ಆರಿಸಿಬಿಟ್ಟಿದ್ದೆ. ನೀಲಿ ಪರದೆಯಲ್ಲಿ ಬಿಳಿ ಅಕ್ಷರ ಬಂತು: ಹಾರ್ಡ್ ಡಿಸ್ಕೇ ಇಲ್ಲವಂತೆ! ಒಂದು ಸಂಜೆ ಪೂರ್ತಿ ಹೋಯ್ತು. 2001ರ ಎಕ್ಸ್‌ಪಿಯ ಸಿಡಿಯಲ್ಲಿ ಅದಕ್ಕೆ ಬೇಕಾದ ಡ್ರೈವರ್ ಇಲ್ಲ, ಅಷ್ಟೇ. ವರ್ಚುವಲ್‌ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಡಿಸ್ಕನ್ನು ಐಡಿಇ ಕಂಟ್ರೋಲರ್‌ಗೆ ಸೇರಿಸಿ. ಆಮೇಲೆ ಸಿಡಿಯಿಂದ ಇನ್‌ಸ್ಟಾಲ್ ಶುರು ಮಾಡಿ, ಅದು ಕೇಳಿದಂತೆ ಎಂಟರ್, ಎಫ್8 ಒತ್ತುತ್ತಾ ಹೋದರೆ ಆಯ್ತು. ಮೌಸ್ ಒಳಗೇ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ, ಹೊರಗೆ ಬರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಬಿಡಬೇಡಿ. ಅದೇ ಸೆಟ್ಟಿಂಗ್ಸ್‌ನಲ್ಲಿ ಈ ಎಕ್ಸ್‌ಪಿಯ ನೆಟ್‌ವರ್ಕ್ ಅಡಾಪ್ಟರ್ ಆಫ್ ಮಾಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ, ಇಂಟರ್ನೆಟ್‌ಗೆ ಸೇರಿಸುವುದು ಅಪಾಯ. ಫೈಲುಗಳನ್ನು ಒಂದು ಐಎಸ್ಒ (ಸಿಡಿಯ ರೂಪದ ಒಂದೇ ಫೈಲು) ಮಾಡಿ ಸಿಡಿಯಂತೆ ಒಳಗೆ ಕೊಡಿ. ಮೂಲ ಫೈಲು ಹೊರಗೆ ಭದ್ರವಾಗಿರುತ್ತೆ ಅಲ್ವಾ. ನುಡಿ ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದಿಡಿ, ಏನಾದರೂ ಕೆಟ್ಟರೆ ಎರಡು ನಿಮಿಷದಲ್ಲಿ ಹಿಂದಕ್ಕೆ ಬರಬಹುದು.