ಚಳಿಗಾಲದಲ್ಲಿ ಗಾಳ ಹಾಕುವುದಾದರೆ ಮಧ್ಯಾಹ್ನ ಊಟ ಮುಗಿಸಿ ಹೊರಡಿ

ಬೆಳಗಾಗುವ ಮೊದಲೇ ನೀರಿನ ಪಕ್ಕ ಇರಬೇಕು ಅನ್ನುವುದು ಗಾಳ ಹಾಕುವವರಿಗೆ ಯಾರಾದರೂ ಹೇಳಿಕೊಡುವ ಮೊದಲ ಮಾತು. ಬೇಸಿಗೆಯಲ್ಲಿ ಅದು ಸರಿ. ಚಳಿಗಾಲದಲ್ಲಿ ನಾನದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ದಡದ ಹತ್ತಿರದ ನೀರು ಇಡೀ ದಿನದಲ್ಲಿ ಹೆಚ್ಚು ತಣ್ಣಗಿರುವುದೇ ಸೂರ್ಯ ಹುಟ್ಟುವ ಆಸುಪಾಸಿನಲ್ಲಿ. ನಾವು ಹಿಡಿಯುವ ಈ ಮೀನುಗಳಿಗೆ ನಮ್ಮ ಹಾಗೆ ಮೈ ಬಿಸಿ ಇರುವುದಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ. ನೀರು ತಣ್ಣಗಾದರೆ ತಿಂದದ್ದು ಕರಗುವುದು ನಿಧಾನ, ಓಡಾಟ ಕಡಿಮೆ, ಹಸಿವೂ ಕಡಿಮೆ. ಆ ಹೊತ್ತಿನಲ್ಲಿ ಸ್ವೆಟರ್ ಹಾಕಿಕೊಂಡು ಹೋಗಿ ನಿಂತರೆ ನಮಗೆ ಸಿಗುವುದು ನೆಗಡಿ ಮಾತ್ರ.

ಗಾಳಿ ತಣ್ಣಗಿದೆಯೋ ಬೆಚ್ಚಗಿದೆಯೋ ಅನ್ನುವುದರ ಮೇಲೆ ನೀರನ್ನು ಅಳೆಯಬಾರದು. ತೆರೆದ ಸಮುದ್ರ ಒಂದು ರಾತ್ರಿಯ ಚಳಿಗೆ ಅಲ್ಲಾಡುವುದಿಲ್ಲ. ಮೊಣಕಾಲುದ್ದದ ತೋಡು, ಹಿನ್ನೀರು ಹಾಗಲ್ಲ. ಒಂದೆರಡು ರಾತ್ರಿ ತಣ್ಣನೆ ಗಾಳಿ ಬೀಸಿದರೆ ಸಾಕು, ಅಲ್ಲಿನ ನೀರು ಸಮುದ್ರಕ್ಕಿಂತ ಎಷ್ಟೋ ತಣ್ಣಗಾಗಿಬಿಡುತ್ತದೆ. ಅದಕ್ಕೇ ನನ್ನ ಚೀಲದಲ್ಲಿ ಒಂದು ಸಾದಾ ಥರ್ಮಾಮೀಟರ್ ಇರುತ್ತದೆ. ಅದಕ್ಕೆ ದಾರ ಕಟ್ಟಿ, ತುದಿಗೆ ಸೀಸದ ಗುಂಡು ಸಿಕ್ಕಿಸಿ ತಳಕ್ಕೆ ಬಿಡುತ್ತೇನೆ. ಒಂದೆರಡು ನಿಮಿಷ ಬಿಟ್ಟು ಸರಕ್ಕನೆ ಎಳೆದು ಓದುತ್ತೇನೆ. ಮೇಲಿನ ನೀರನ್ನೂ ನೋಡುತ್ತೇನೆ. ನೀರು 20 ಡಿಗ್ರಿಯೋ 22 ಡಿಗ್ರಿಯೋ ಅನ್ನುವುದು ನನಗೆ ಅಷ್ಟು ಮುಖ್ಯವಲ್ಲ. ಪಕ್ಕದ ಜಾಗಕ್ಕಿಂತ ಎರಡು ಡಿಗ್ರಿ ಜಾಸ್ತಿ ಇರುವ ಕಡೆ ಯಾವುದು ಅನ್ನುವುದಷ್ಟೇ ಬೇಕು. ಅದು ಸಿಕ್ಕರೆ ಮೀನು ಸಿಕ್ಕಿದ ಹಾಗೆಯೇ.

ಅಂಥ ಜಾಗ ಎಲ್ಲಿರುತ್ತದೆ? ಕಪ್ಪು ಕೆಸರು ಇರುವಲ್ಲಿ ಮೊದಲು ನೋಡಿ. ಬಿಳಿ ಮರಳು ಬಿಸಿಲನ್ನು ವಾಪಸ್ ಕಳಿಸುತ್ತದೆ, ಕೆಸರು ಹೀರಿಕೊಂಡು ಮೇಲಿನ ತೆಳು ನೀರನ್ನು ಬೆಚ್ಚಗೆ ಮಾಡುತ್ತದೆ. ಬಿಸಿಲಿಗೆ ಮುಖ ಮಾಡಿದ ಕಲ್ಲಿನ ಗೋಡೆ, ಗಾಳಿಗೆ ಮರೆಯಾದ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಬುಡ, ಇವೂ ಪರವಾಗಿಲ್ಲ. ಇದೆಲ್ಲ ಕೆಲಸ ಮಾಡುವುದು ನಾಲ್ಕೈದು ಗಂಟೆ ಬಿಸಿಲು ಬಿದ್ದ ಮೇಲೆ. ಊಟ ಮುಗಿಸಿ ಹೊರಡಿ ಅಂದದ್ದು ಅದಕ್ಕೇ.

ಇದಕ್ಕೆ ಇಳಿತವೂ ಕೂಡಿಬಂದರೆ ಇನ್ನೂ ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಉಬ್ಬರ ತುಂಬಿ, ಆಮೇಲೆ ನೀರು ಇಳಿಯಲು ಶುರುವಾಯಿತು ಅಂದುಕೊಳ್ಳಿ. ಕೆಸರಿನ ಮೇಲೆ ಹರಡಿಕೊಂಡು ಬೆಚ್ಚಗಾದ ನೀರೆಲ್ಲ ತೋಡಿನ ಬಾಯಿಯಿಂದಲೇ ಹೊರಗೆ ಹೋಗಬೇಕು. ಅದರ ಜೊತೆ ಸಣ್ಣ ಸಿಗಡಿ, ಮರಿಮೀನು ಬರುತ್ತವೆ. ದೊಡ್ಡ ಮೀನು ಓಡಾಡುವ ಕಷ್ಟವಿಲ್ಲದೆ ಬಾಯಿಯ ಪಕ್ಕದ ಆಳದಲ್ಲಿ ನಿಂತು ಕಾಯುತ್ತದೆ. ಚಳಿಗಾಲದಲ್ಲಿ ನನಗೆ ಸಿಕ್ಕ ಒಳ್ಳೆಯ ಮೀನುಗಳಲ್ಲಿ ಹೆಚ್ಚಿನವು ಇಂಥ ಮಧ್ಯಾಹ್ನದ ಇಳಿತದಲ್ಲೇ ಸಿಕ್ಕವು. ಈ ಕೂಟ ದಿನಾ ಸಿಗುವುದಿಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ದಿನಕ್ಕೆ ಎರಡು ಉಬ್ಬರ ಇರುವ ಕರಾವಳಿಯಲ್ಲಿ ಹದಿನೈದು ದಿನಕ್ಕೊಮ್ಮೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ವಾಪಸ್ ಬರುತ್ತದೆ. ನಿಮ್ಮ ಜಾಗದಲ್ಲಿ ಅಮಾವಾಸ್ಯೆಯ ಉಬ್ಬರ ಎಷ್ಟು ಗಂಟೆಗೆ ಎಂದು ಒಮ್ಮೆ ಬರೆದಿಟ್ಟುಕೊಂಡರೆ ಹುಣ್ಣಿಮೆಗೂ ಲೆಕ್ಕ ಹೆಚ್ಚುಕಡಿಮೆ ಅದೇ. ಉಳಿದ ದಿನಗಳನ್ನು ಕ್ಯಾಲೆಂಡರ್ ನೋಡಿ ಹೇಳಿಬಿಡಬಹುದು.

ಚಳಿಗಾಲದ ಇನ್ನೊಂದು ಲಾಭ ತುಂಬಾ ಜನರ ಕಣ್ಣಿಗೆ ಬೀಳುವುದಿಲ್ಲ. ನೆಲದ ಕಡೆಯಿಂದ ಸಮುದ್ರಕ್ಕೆ ಗಾಳಿ ಬೀಸುವಾಗ ಅದು ನೀರನ್ನೂ ಹೊರಗೆ ತಳ್ಳುತ್ತದೆ. ಆಕಾಶ ಶುಭ್ರವಾಗಿ, ವಾಯುಭಾರ ಏರಿದಾಗ ನೀರಿನ ಮಟ್ಟ ಇನ್ನೂ ಸ್ವಲ್ಪ ಇಳಿಯುತ್ತದೆ. ಒಂದು ಮಿಲಿಬಾರ್ ಏರಿದರೆ ಸುಮಾರು ಒಂದು ಸೆಂಟಿಮೀಟರ್ ಎಂದು ಲೆಕ್ಕ. ಇದರ ಮೇಲೆ ಹುಣ್ಣಿಮೆಯೋ ಅಮಾವಾಸ್ಯೆಯೋ ಬಂದರೆ ಉಬ್ಬರವಿಳಿತದ ಪಟ್ಟಿಯಲ್ಲಿ ಬರೆದದ್ದಕ್ಕಿಂತಲೂ ಕೆಳಗೆ ನೀರು ಹೋಗುತ್ತದೆ. ಅಂಥ ದಿನ ನಾನು ರಾಡ್ ಮನೆಯಲ್ಲೇ ಬಿಡುತ್ತೇನೆ. ಗಟ್ಟಿ ಅಡಿಯ ಬೂಟು ಹಾಕಿಕೊಂಡು ಫೋನ್ ಹಿಡಿದು ನಡೆಯುತ್ತೇನೆ, ಅಷ್ಟೇ. ವರ್ಷವಿಡೀ ನೀರಿನಡಿ ಇರುವ ತಳ ಅವತ್ತು ಬಿಚ್ಚಿಕೊಂಡಿರುತ್ತದೆ. ತೋಡು ತಿರುಗುವಲ್ಲಿ ಹೊರಬದಿಯ ಗುಂಡಿ, ಸಿಂಪಿ ಕಚ್ಚಿಕೊಂಡ ಕಲ್ಲಿನ ಸಾಲು, ಮುಳುಗಿದ ಮರದ ದಿಮ್ಮಿ, ಎಲ್ಲದರ ಫೋಟೋ ತೆಗೆದು ದಡದಲ್ಲಿರುವ ಯಾವುದಾದರೂ ಗುರುತಿಗೆ ಹೊಂದಿಸಿ ಇಟ್ಟುಕೊಳ್ಳುತ್ತೇನೆ. ಶಬ್ದದ ಅಲೆಯಿಂದ ನೀರಿನ ತಳ ತೋರಿಸುವ ಸೋನಾರ್ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ. ಕೆಸರಿನ ನಡುವೆ ಹೋಗುವಾಗ ನೀರು ವಾಪಸ್ ತಿರುಗುವ ಹೊತ್ತು ಮಾತ್ರ ನೆನಪಿರಲಿ.

ಈ ಕಾಲದಲ್ಲಿ ನೀರು ತಿಳಿ. ಮಳೆ ತಂದ ಕೆಂಪು ಮಣ್ಣಿಲ್ಲ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್ ಕೂಡ ಕಡಿಮೆ. ನಮಗೆ ತಳ ಕಂಡರೆ ಮೀನಿಗೂ ನಾವು ಕಾಣುತ್ತೇವೆ ಅಲ್ವಾ? ಬಿಸಿಲು ಓರೆಯಾಗಿ ಬೀಳುವುದರಿಂದ ನಮ್ಮ ನೆರಳೂ ಉದ್ದ. ಹಾಗಾಗಿ ನೆರಳು ನೀರಿಗೆ ಬೀಳದ ಬದಿಯಲ್ಲಿ ನಿಲ್ಲುತ್ತೇನೆ, ದಡದಿಂದ ನಾಲ್ಕು ಹೆಜ್ಜೆ ಹಿಂದೆಯೇ. ಲೀಡರ್ ದಾರದ, ಅಂದರೆ ಗಾಳದ ಪಕ್ಕ ಕಟ್ಟುವ ಕೊನೆಯ ತುಂಡು ದಾರದ ವಿಷಯದಲ್ಲಿ ಎಲ್ಲರೂ ಫ್ಲೋರೋಕಾರ್ಬನ್ ಅನ್ನುವ ಪ್ಲಾಸ್ಟಿಕ್ ದಾರವೇ ಬೇಕು ಅನ್ನುತ್ತಾರೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ನೀರಿನದಕ್ಕೆ ಹತ್ತಿರವಿದ್ದಷ್ಟೂ ದಾರ ಕಡಿಮೆ ಕಾಣುತ್ತದೆ. ಫ್ಲೋರೋಕಾರ್ಬನ್ನಿನದು ಸುಮಾರು 1.42, ನೀರಿನದು 1.33, ನೈಲಾನಿನದು 1.5ಕ್ಕಿಂತ ಮೇಲೆ. ಅಂದರೆ ಫ್ಲೋರೋಕಾರ್ಬನ್ ನೀರಿನಲ್ಲಿ ಸ್ವಲ್ಪ ಕಡಿಮೆ ಕಾಣುತ್ತದೆ, ಸರಿ. ಆದರೆ ನನ್ನ ಪ್ರಕಾರ ದಾರದ ದಪ್ಪ ಇಳಿಸುವುದೇ ಜಾಸ್ತಿ ಫಲ ಕೊಡುತ್ತದೆ. 30 ಪೌಂಡು ಭಾರ ತಡೆಯುವ ದಾರದ ಜಾಗದಲ್ಲಿ 15 ಪೌಂಡಿನದು ಕಟ್ಟಿ ನೋಡಿ. ಸಿಂಪಿ ಕಲ್ಲಿಗೆ ಉಜ್ಜಿ ಕೆಲವು ಹೋಗುತ್ತವೆ, ಹೋಗಲಿ.

ಇನ್ನು ಎಳೆಯುವ ವೇಗ. ಇಲ್ಲೇ ಹೆಚ್ಚಿನವರ ತಾಳ್ಮೆ ಕೆಡುತ್ತದೆ. ನಾನು ಐದು ಗ್ರಾಮಿನ ಜಿಗ್ ಹೆಡ್‌ಗೆ (ತಲೆಯಲ್ಲಿ ಭಾರದ ಗುಂಡು ಇರುವ ಗಾಳ) ಹೆಬ್ಬೆರಳುದ್ದದ ಮೆತ್ತನೆ ಪ್ಲಾಸ್ಟಿಕ್ ಸಿಗಡಿ ಹಾಕುತ್ತೇನೆ. ಸೆಳೆತ ಕಡಿಮೆಯಾದರೆ ಮೂರು ಗ್ರಾಂ ಸಾಕು. ಗುಂಡಿಯ ಆಚೆ ಅಂಚಿಗೆ ಎಸೆದು, ದಾರ ಸಡಿಲಾಗುವವರೆಗೆ ಮುಳುಗಲು ಬಿಡುತ್ತೇನೆ. ದಾರ ಸಡಿಲಾಯಿತು ಅಂದರೆ ತಳ ಮುಟ್ಟಿತು. ಆಮೇಲೆ ರಾಡ್ ತುದಿಯನ್ನು ಒಂದು ಗೇಣು ಮಾತ್ರ ಎತ್ತಿ ಇಳಿಸುತ್ತೇನೆ. ಅಷ್ಟಕ್ಕೇ ತಳದಲ್ಲಿ ಸ್ವಲ್ಪ ಕೆಸರು ಹೊಗೆಯ ಹಾಗೆ ಏಳುತ್ತದೆ. ನಂತರ ಸುಮ್ನೆ ಇರಬೇಕು. ಮನಸ್ಸಿನಲ್ಲಿ ಹತ್ತು ಎಣಿಸಿ. ಬೇಸಿಗೆಯಲ್ಲಿ ಕೈ ಜಗ್ಗುವ ಹಾಗೆ ಹೊಡೆಯುವ ಮೀನು ಈಗ ಹಾಗೆ ಮಾಡುವುದಿಲ್ಲ. ಮುಂದಿನ ಸಲ ಎತ್ತುವಾಗ ಜಿಗ್ ಸ್ವಲ್ಪ ಭಾರ ಅನ್ನಿಸುತ್ತದೆ, ಒದ್ದೆ ಎಲೆ ಸಿಕ್ಕಿಕೊಂಡ ಹಾಗೆ. ಅಥವಾ ನೀರಿಗೆ ದಾರ ಸೇರುವ ಕಡೆ ದಾರ ಒಂದು ಬೆರಳಷ್ಟು ಪಕ್ಕಕ್ಕೆ ಸರಿಯುತ್ತದೆ. ಆಗ ಜೋರಾಗಿ ಜಗ್ಗಬೇಡಿ, ರೀಲ್ ಸುತ್ತುತ್ತಾ ರಾಡ್ ಮೇಲೆತ್ತಿದರೆ ಸಾಕು. ತೀರಾ ತಣ್ಣಗಿದ್ದ ದಿನ ಪ್ಲಾಸ್ಟಿಕ್ ಬಿಟ್ಟು ನಿಜವಾದ ಸಿಗಡಿಯ ತುಂಡು ಹಾಕುತ್ತೇನೆ. ವಾಸನೆಗೆ ಅದೇ ಮೇಲು.

ಬೆಚ್ಚಗಿನ ಕರಾವಳಿಯ ಮೀನು ಚಳಿ ತಡೆಯುವುದಿಲ್ಲ ಅನ್ನುವುದನ್ನು ಲಘುವಾಗಿ ತೆಗೆದುಕೊಳ್ಳಬಾರದು. 2010ರ ಜನವರಿಯಲ್ಲಿ ಫ್ಲೋರಿಡಾದಲ್ಲಿ ದಿನಗಟ್ಟಲೆ ಚಳಿ ಹಿಡಿದು ಸ್ನೂಕ್ ಮೀನುಗಳು ರಾಶಿ ರಾಶಿ ಸತ್ತವು. ಆಮೇಲೆ ಅದನ್ನು ಹಿಡಿದು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದರು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಕರಾವಳಿಯಲ್ಲಿ ಸತ್ತ ಮೀನುಗಳು 38 ಲಕ್ಷಕ್ಕೆ ಕಡಿಮೆಯಿಲ್ಲ ಎಂದು ಅಲ್ಲಿನ ಇಲಾಖೆಯೇ ಅಂದಾಜು ಮಾಡಿತು. ಅಷ್ಟು ಚಳಿ ಎಲ್ಲ ಕಡೆ ಬರುವುದಿಲ್ಲ, ನಿಜ. ಆದರೆ ಒಂದೇ ಗುಂಡಿಯಲ್ಲಿ ಒತ್ತೊತ್ತಾಗಿ ನಿಂತ ಮೀನನ್ನು ಸಂಜೆಯವರೆಗೆ ಎತ್ತುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ಎರಡೋ ಮೂರೋ ಆದರೆ ಜಾಗ ಬದಲಿಸುತ್ತೇನೆ.

ತಣ್ಣನೆ ಗಾಳಿ ಬಂದು ಹೋದ ಮೇಲೆ ಯಾವ ದಿನ ಹೋಗಬೇಕು ಎಂದು ಗೆಳೆಯರು ಕೇಳುತ್ತಿರುತ್ತಾರೆ. ಗಾಳಿ ಜೋರಾಗಿರುವ ದಿನ ನಾನು ಹೋಗುವುದೇ ಇಲ್ಲ. ಗಾಳಿ ನಿಂತ ಮೊದಲ ದಿನ ಆಳದ ಗುಂಡಿ ಬಿಟ್ಟು ಬೇರೆಲ್ಲೂ ಏನೂ ಇರುವುದಿಲ್ಲ. ಎರಡನೆಯ ದಿನವೂ ಗುಂಡಿಯೇ, ಆದರೆ ಮೂರು ಗಂಟೆಯ ನಂತರ ಅದರ ಅಂಚಿನಲ್ಲಿ ಒಂದೆರಡು ಮೀನು ಓಡಾಡುತ್ತವೆ. ಮೂರನೆಯ ದಿನ ಬಿಸಿಲು ಸರಿಯಾಗಿ ಬಿದ್ದಿದ್ದರೆ ಮೊಣಕಾಲುದ್ದದ ಕೆಸರು ನೀರಿಗೂ ಬಂದಿರುತ್ತವೆ. ರಜೆ ಹಾಕುವುದಿದ್ದರೆ ಆ ದಿನಕ್ಕೇ ಹಾಕಿ.