ಆರ್‌ಎಕ್ಸ್ 100: ಡಿಸ್ಕ್ ಇಲ್ಲ, ಗ್ಯಾಸ್ ಶಾಕ್ ಇಲ್ಲ, ಆದರೂ ತಿರುವಿನಲ್ಲಿ ಕದಲುವುದಿಲ್ಲ

ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಅಗಲವಾದ ಟೈರ್. ಈ ಮೂರು ಇಲ್ಲದೆ ಯಮಹಾದ ಹಳೇ ಬೈಕ್ ಆರ್‌ಎಕ್ಸ್ 100 ತಿರುವಿನಲ್ಲಿ ನಿಲ್ಲುವುದಿಲ್ಲ ಎಂದವರೇ ಹೆಚ್ಚು. ನನ್ನ ಗಾಡಿಯಲ್ಲಿ ಮೂರೂ ಇಲ್ಲ. ಅರವತ್ತರಲ್ಲಿ ಹೋಗುವಾಗ ತಿರುವಿನ ನಡುವೆ ಸಣ್ಣ ಗುಂಡಿ ಬಂದರೂ ಹಿಡಿದ ದಾರಿ ಬಿಡುವುದಿಲ್ಲ. ಅನುಮಾನಪಟ್ಟವರು ಓಡಿಸಿ ನೋಡಿದ ಮೇಲೆ ಬುಷ್ (ಕೀಲಿನೊಳಗಿನ ಉಂಗುರ) ಯಾವುದು ಅಂತ ಕೇಳುತ್ತಿದ್ದಾರೆ. ದುಡ್ಡಿನ ಮುಕ್ಕಾಲು ಪಾಲು ಬುಷ್, ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಟೈರ್‌ಗೇ ಹೋಗಿದೆ. ಹೊಳೆಯುವ ಸಾಮಾನಿಗೆ ಒಂದು ರೂಪಾಯಿಯೂ ಇಲ್ಲ.

1996ಕ್ಕೆ ತಯಾರಿಕೆ ನಿಂತ ಗಾಡಿ ಇದು. ತೂಕ ನೂರು ಕೆಜಿ ಆಸುಪಾಸು. ಇಷ್ಟು ಹಗುರವಾದದ್ದರಲ್ಲಿ ಎಲ್ಲೋ ಅರ್ಧ ಮಿಲಿಮೀಟರ್ ಪ್ಲೇ (ಸಡಿಲ) ಇದ್ದರೂ ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಸ್ವಿಂಗ್‌ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳು. ಚಕ್ರ, ಎರಡೂ ಶಾಕ್ ಬಿಚ್ಚಿ, ಆರ್ಮ್‌ನ ತುದಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಟಕ್ ಅಂದರೆ ಬುಷ್ ಹೋಗಿದೆ. ಆರ್ಮ್ ತಿರುಗುವ ಪಿವೋಟ್ ಬೋಲ್ಟ್ ಬಿಗಿ ಮಾಡಿದರೆ ಸದ್ದು ನಿಲ್ಲಬಹುದು, ಆದರೆ ಆರ್ಮ್ ಹಿಡಿದುಕೊಳ್ಳುತ್ತದೆ, ಶಾಕ್ ಕೆಲಸ ಮಾಡುವುದಿಲ್ಲ. ಬುಷ್ ಜೊತೆಗೆ ಒಳಗಿನ ಸ್ಲೀವ್ (ಕೊಳವೆ) ಕೂಡ ಬದಲಿಸಬೇಕು. ಸವೆದ ಸ್ಲೀವ್ ಮೇಲೆ ಹೊಸ ಬುಷ್ ಕೂರಿಸಿದರೆ ಸ್ವಲ್ಪ ದಿನಕ್ಕೇ ಹಳೇ ಕಥೆ. ಅಗ್ಗದ ಬುಷ್ ಪ್ರೆಸ್ ಮಾಡುವಾಗ ಒಳವ್ಯಾಸ ಕುಗ್ಗುತ್ತದೆ, ಆಗ ರೀಮರ್ ಹಾಕಿಸಿ ತೂತು ಹಿಗ್ಗಿಸಲೇಬೇಕು. ಕೊನೆಗೆ ಬೋಲ್ಟ್ ಬಿಗಿದು ಆರ್ಮ್ ಮೇಲೆತ್ತಿ ಬಿಟ್ಟರೆ ತನ್ನ ಭಾರಕ್ಕೇ ಇಳಿಯಬೇಕು.

ಕೋನ್‌ಸೆಟ್ ವಿಷಯದಲ್ಲಿ ಗೋಲಿ ಬದಲು ಟೇಪರ್ (ಓರೆ ರೋಲರ್) ಬೇರಿಂಗ್ ಹಾಕಿಸುವವರ ಜೊತೆ ನನ್ನ ಮತ ಕೂಡುವುದಿಲ್ಲ. ಟೇಪರ್ ಸೆಟ್‌ನ ಎತ್ತರ ಬೇರೆ, ಮೇಲಿನ ನಟ್ಟಿಗೆ ಥ್ರೆಡ್ ಕಡಿಮೆ ಬೀಳುತ್ತದೆ. ಕೊಂಚ ಹೆಚ್ಚು ಬಿಗಿಯಾದರೂ ನಿಧಾನದಲ್ಲಿ ಗಾಡಿ ಅತ್ತಿತ್ತ ಹಾವಿನ ಹಾಗೆ ಹೋಗುತ್ತದೆ. ಈ ತೂಕಕ್ಕೆ ಒಳ್ಳೆಯ ಕಪ್ (ಗೋಲಿ ಕೂರುವ ಬಟ್ಟಲು), ಹೊಸ ಗೋಲಿ, ಧಾರಾಳ ಗ್ರೀಸ್ ಸಾಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಬೆರಳಲ್ಲಿ ತಳ್ಳಿ ನೋಡಿ. ಎರಡೂ ಕಡೆ ತಾನಾಗಿ ಬೀಳಬೇಕು, ನಡುವೆ ಎಲ್ಲೂ ಗುಳಿಯಲ್ಲಿ ಕೂತಂತೆ ನಿಲ್ಲಬಾರದು.

ಹೆಚ್ಚು ದಿನ ಹಾಳಾಗಿದ್ದು ಫೋರ್ಕ್‌ನಲ್ಲಿ, ಅಂದರೆ ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಕಾಲುಗಳಲ್ಲಿ. ಮೆಕ್ಯಾನಿಕ್‌ಗಳು 20ಡಬ್ಲ್ಯು-40 ಎಂಜಿನ್ ಆಯಿಲ್ ಸುರಿಯುವುದು ರೂಢಿ. ಬ್ರೇಕ್ ಹಿಡಿದಾಗ ಮುಂಭಾಗ ಕುಸಿಯುವುದು (ಡೈವ್) ಕಡಿಮೆಯಾಗುತ್ತದೆ, ನಿಜ. ಆದರೆ ಒಳಗೆ ಕುಲುಕಾಟ ತಡೆಯುವ ಡ್ಯಾಂಪರ್ ರಾಡ್‌ನ ಸಣ್ಣ ತೂತುಗಳಲ್ಲಿ ಮಂದ ಎಣ್ಣೆ ಬೇಗ ಹರಿಯದು. ಚೂಪು ಗುಂಡಿಗೆ ಫೋರ್ಕ್ ಕಲ್ಲಾಗಿ ಚಕ್ರ ನೆಲ ಬಿಡುತ್ತದೆ. ಕೊನೆಗೆ ನಿಂತದ್ದು ಅದಕ್ಕಿಂತ ತೆಳುವಾದ 15ಡಬ್ಲ್ಯು ಫೋರ್ಕ್ ಆಯಿಲ್, ಜೊತೆಗೆ ಸ್ಪ್ರಿಂಗ್ ಮೇಲೆ ಸುಮಾರು 15 ಮಿ.ಮೀ. ಪಿವಿಸಿ ಪೈಪ್ ತುಂಡು, ಅದರ ಎರಡೂ ತುದಿಗೆ ವಾಷರ್. 25ಕ್ಕೆ ಹೋದರೆ ಹಂಪ್ ಇಳಿಯುವಾಗ ಫೋರ್ಕ್ ಪೂರ್ತಿ ಚಾಚಿ ಲೊಟ್ ಅನ್ನುತ್ತದೆ. ಈ ಪೈಪ್ ತುಂಡು (ಸ್ಪೇಸರ್) ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಮುಂಭಾಗವನ್ನು ಎತ್ತುತ್ತದೆ ಅಷ್ಟೆ. ನೀವು ಕೂತಾಗ ಫೋರ್ಕ್‌ನ ಒಟ್ಟು ಚಲನೆಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಇಳಿದರೆ ಸರಿ.

ಎಣ್ಣೆಯನ್ನು ಎಂಎಲ್ ಲೆಕ್ಕದಲ್ಲಿ ನಂಬಬೇಡಿ, ಹಳೆಯದು ಒಳಗೆ ಉಳಿದಿರುತ್ತದೆ. ಸ್ಪ್ರಿಂಗ್ ತೆಗೆದು, ಫೋರ್ಕ್ ಪೈಪ್ ಪೂರ್ತಿ ಕೆಳಗಿಳಿಸಿ, ಮೇಲಿನ ಅಂಚಿನಿಂದ ಎಣ್ಣೆಯವರೆಗೆ ಕಡ್ಡಿಯಲ್ಲಿ ಅಳೆದು ಎರಡೂ ಕಡೆ ಒಂದೇ ಮಾಡಿ. ನನ್ನ ಅಳತೆ ಎಷ್ಟು ಅಂತ ಹೇಳುವುದಿಲ್ಲ. ಹತ್ತು ಹತ್ತು ಮಿಲಿಮೀಟರ್ ಬದಲಿಸಿ ನೋಡಿದರೆ ನಿಮ್ಮ ತೂಕಕ್ಕೆ ಬೇಕಾದ್ದು ನಿಮಗೇ ಸಿಗುತ್ತದೆ.

ಮಧ್ಯೆ ಒಂದು ಪ್ರಯೋಗ. ಫೋರ್ಕ್ ಪೈಪನ್ನು ಮೇಲಿನ ಕ್ಲ್ಯಾಂಪ್‌ನಿಂದ 5 ಮಿ.ಮೀ. ಮೇಲೆ ತಂದೆ: ಗಾಡಿ ತಿರುವಿಗೆ ಚುರುಕಾಗಿ ವಾಲಿತು. ಹತ್ತಕ್ಕೆ ತಂದಾಗ ಎಪ್ಪತ್ತು ದಾಟಿದ ಮೇಲೆ ಹ್ಯಾಂಡಲ್ ನಡುಗತೊಡಗಿತು, ಟ್ರೇಲ್ (ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಡಿಮೆಯಾದದ್ದೇ ಕಾರಣ. ಉದ್ದದ ಶಾಕ್ ಹಾಕಿ ಹಿಂಭಾಗ ಎತ್ತಿದರೂ ಇದೇ ಪರಿಣಾಮ, ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಬೇಡಿ.

ಟೈರ್ ಮುಂದೆ 2.75-18, ಹಿಂದೆ 3.00-18. ಅದಕ್ಕಿಂತ ಅಗಲದ್ದನ್ನು ಹಳೇ ಕಿರಿದಾದ ರಿಮ್‌ಗೆ ಹಾಕಿದರೆ ಟೈರ್ ಹಿಂಡಿಕೊಂಡು ಮೇಲ್ಮೈ ಚೂಪಾಗುತ್ತದೆ, ಗಾಡಿ ವಾಲುವಾಗ ಒಂದೇ ಸಮ ಇಳಿಯುವುದಿಲ್ಲ. ಅದಕ್ಕೂ ಮುಂಚೆ ಸ್ಪೋಕ್ ಬಿಗಿಸಿ ರಿಮ್‌ನ ಬೆಂಡು 2 ಮಿ.ಮೀ. ಒಳಗೆ ತನ್ನಿ. ಗಾಳಿ ಮುಂದೆ 25 ಪಿಎಸ್‌ಐ, ಹಿಂದೆ 30 ಹತ್ತಿರ.

ಹಿಂದಿನ ಚಕ್ರ ನೇರ ಕೂರಿಸುವಾಗ ಚೈನ್ ಅಡ್ಜಸ್ಟರ್ ಗುರುತು ನಂಬಲೇಬೇಡಿ. ಹಿಂದಿನ ಟೈರ್‌ನ ಎರಡೂ ಬದಿಗೆ ದಾರ ತಾಗಿಸಿ ಮುಂದಿನ ಚಕ್ರದವರೆಗೆ ಎಳೆಯಿರಿ. ಮುಂದಿನದು ಕಿರಿದು, ಆದ್ದರಿಂದ ಎರಡೂ ಬದಿ ಅಂತರ ಸಮನಾಗಿರಬೇಕು. ಮುಂದಿನ ಆಕ್ಸಲ್ ಬಿಗಿದ ಮೇಲೆ ಫೋರ್ಕ್ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಬ್ರೇಕ್ ಹಿಡಿದು ಫೋರ್ಕ್ ನಾಲ್ಕೈದು ಸಲ ಒತ್ತಿ, ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡುತ್ತಾ ಬನ್ನಿ. ಸುಮಾರು 300 ಕಿ.ಮೀ. ಓಡಿದ ಮೇಲೆ ಕೋನ್‌ಸೆಟ್ ಇನ್ನೊಮ್ಮೆ ನೋಡಿ. ಹೊಸ ಕಪ್ ಅಷ್ಟರಲ್ಲಿ ಕೂತು ಸಡಿಲವಾಗಿರುತ್ತದೆ, ಬ್ರೇಕ್ ಹಿಡಿದಾಗ ಟಕ್ ಅನ್ನುವುದು ಅದಕ್ಕೇ.